ಮೂರನೇ ಸ್ಥಾನದಲ್ಲಿದ್ದ ಫುಟ್‌ಬಾಲ್ ತಂಡ ಲೂಟನ್ ಟೌನ್ 2023ರಲ್ಲಿ ಇಂಗ್ಲೆಂಡಿನ ಮೊದಲ ದರ್ಜೆಯ ಪ್ರೀಮಿಯರ್ ಲೀಗ್‌ಗೆ ಬಡ್ತಿ ಪಡೆದದ್ದು ಹೇಗೆ?

ಪ್ಲೇ-ಆಫ್ ಗೆದ್ದು. ಇಂಗ್ಲೆಂಡಿನ ಎರಡನೇ ದರ್ಜೆಯ ಲೀಗ್ ಚಾಂಪಿಯನ್‌ಶಿಪ್. ಅದರಲ್ಲಿ ಮೊದಲ ಎರಡು ತಂಡಗಳಿಗೆ ನೇರ ಬಡ್ತಿ. ಆ ವರ್ಷ ಬರ್ನ್‌ಲಿ ಮತ್ತು ಶೆಫೀಲ್ಡ್ ಯುನೈಟೆಡ್. ಉಳಿದ ಒಂದು ಜಾಗಕ್ಕೆ ಮೂರರಿಂದ ಆರನೇ ಸ್ಥಾನದ ತಂಡಗಳು ಪ್ಲೇ-ಆಫ್‌ನಲ್ಲಿ ಸೆಣಸಬೇಕಿತ್ತು. ಹೀಗಾಗಿ 46 ಪಂದ್ಯಗಳ ದುಡಿಮೆಯ ಫಲ ಕೊನೆಗೆ ಮೂರೇ ಪಂದ್ಯಗಳಲ್ಲಿ ನಿರ್ಧಾರವಾಗುತ್ತಿತ್ತು.

ಸೆಮಿಫೈನಲ್‌ನ ಮೊದಲ ಪಂದ್ಯವನ್ನು ಎದುರಾಳಿ ಸಂಡರ್‌ಲ್ಯಾಂಡ್‌ನ ಮೈದಾನದಲ್ಲಿ 1-2ರಿಂದ ಸೋತ ಲೂಟನ್, ತವರಿನಲ್ಲಿ 2-0 ಗೆದ್ದಿತು. ಎರಡೂ ಪಂದ್ಯಗಳ ಗೋಲು ಕೂಡಿಸಿದರೆ 3-2, ಹೀಗೆ ಲೂಟನ್ ಫೈನಲ್‌ಗೆ. ಆ ತವರು ಮೈದಾನ ಕೆನಿಲ್‌ವರ್ತ್ ರೋಡ್ ನೋಡಬೇಕಾದದ್ದೇ: ಆಗ ಸುಮಾರು ಹತ್ತು ಸಾವಿರ ಆಸನ, ಎದುರಾಳಿ ಅಭಿಮಾನಿಗಳು ಸಾಲುಮನೆಗಳ ನಡುವಿನ ಬಾಗಿಲಿನಿಂದ ಒಳಹೊಕ್ಕು, ಜನರ ಹಿತ್ತಿಲುಗಳ ಮೇಲೆ ಹಾಯುವ ಮೆಟ್ಟಿಲು ಹತ್ತಿ ಹೋಗಬೇಕು.

ಮೇ 27ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಕೊವೆಂಟ್ರಿ ವಿರುದ್ಧದ ಫೈನಲ್ 1-1 ಸಮವಾಯಿತು. ಲೂಟನ್ ನಾಯಕ ಟಾಮ್ ಲಾಕಿಯರ್ ಆರಂಭದಲ್ಲೇ ಕುಸಿದುಬಿದ್ದು ಆಸ್ಪತ್ರೆ ಸೇರಿದ್ದರು. ಪೆನಾಲ್ಟಿಗಳಲ್ಲಿ ಲೂಟನ್ 6-5ರಿಂದ ಗೆದ್ದಿತು.

ನನ್ನ ಮಟ್ಟಿಗೆ ಇದರ ನಿಜವಾದ ಬೆಲೆ ಗೊತ್ತಾಗುವುದು ಹಿನ್ನೆಲೆ ನೋಡಿದಾಗ. 2008-09ರಲ್ಲಿ 30 ಅಂಕ ಕಡಿತದ ಶಿಕ್ಷೆಯಿಂದ ಲೂಟನ್ ಐದನೇ ದರ್ಜೆಗೆ ಜಾರಿತ್ತು. 2014ರವರೆಗೂ ಅಲ್ಲೇ ಇತ್ತು. ಅಲ್ಲಿಂದ ವೆಂಬ್ಲಿಯವರೆಗೆ ಪೆಲಿ ರಡಕ್ ಎಂಪಾಂಜು ಎಂಬ ಆಟಗಾರ ಇದೇ ಕ್ಲಬ್‌ನಲ್ಲಿ ಆಡಿಕೊಂಡೇ ಬಂದರು.