ಮೂಡಿಗೆರೆಯಿಂದ ಬಂದ ‘ಹ್ಯೂಮನ್’ ಲೇಖನಕ್ಕೆ ಸಂಪಾದಕರ ಉತ್ತರ

ಪ್ರಿಯ ಮಿತ್ರರೇ,

ನಮಸ್ಕಾರ. ಅಮೆರಿಕದ ಡೆತ್ ಮೆಟಲ್ ಸಂಗೀತ ತಂಡ ‘ಡೆತ್’ನ 1991ರ ಆಲ್ಬಮ್ ‘ಹ್ಯೂಮನ್’ ಕುರಿತು ನೀವು ಕಳುಹಿಸಿದ ಒಂಬತ್ತು ಪುಟಗಳ ಲೇಖನವನ್ನು ಎರಡು ಸಲ ಓದಿದ್ದೇನೆ; ನಡುವೆ ಹಾಡುಗಳ ಸಾಹಿತ್ಯವನ್ನು ಮುಂದಿಟ್ಟುಕೊಂಡು ಆಲ್ಬಮ್ಮನ್ನೂ ಪೂರ್ತಿ ಕೇಳಿದ್ದೇನೆ. ಲೇಖನ ಈಗಿರುವ ರೂಪದಲ್ಲಿ ನಮ್ಮ ಪತ್ರಿಕೆಗೆ ಆಗುವುದಿಲ್ಲ. ಆದರೆ ಐದನೆಯ ಪುಟದ ಒಂದು ಪ್ಯಾರಾ ಅಚ್ಚಾಗಲೇಬೇಕು ಎಂದು ನನಗೆ ಅನ್ನಿಸಿರುವುದರಿಂದ, ಎರಡು ಸಾಲಿನ ವಿಷಾದಪತ್ರದ ಬದಲು ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಆ ಪ್ಯಾರಾದ ಮಾತು. ಕಾಫಿ ಕೊಯ್ಲಿನ ದಿನಗಳಲ್ಲಿ, ಸಂಜೆ ತೋಟದ ಇಳಿಜಾರು ಹತ್ತಿ ಮನೆಯತ್ತ ಬರುವಾಗ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಡೀಸೆಲ್ ಎಂಜಿನ್ನಿನ ಸದ್ದು ಮೊದಲು ಅಂಗಾಲಿಗೆ ತಿಳಿದು, ಆಮೇಲೆ ಕಿವಿಗೆ ಬಿದ್ದು, ಕಣ ತಲುಪುವಷ್ಟರಲ್ಲಿ ಎದೆಯೊಳಗೇ ಬಡಿಯುತ್ತಿತ್ತು ಎಂದು ಬರೆದಿದ್ದೀರಿ. ‘ಫ್ಲ್ಯಾಟನಿಂಗ್ ಆಫ್ ಎಮೋಷನ್ಸ್’ ಹಾಡಿನ ಆರಂಭದಲ್ಲಿ ಶಾನ್ ರೈನರ್ಟ್ ಅವರ ಡ್ರಮ್ಸ್ ನಿಶ್ಶಬ್ದದಿಂದ ಮೇಲೇಳುವುದನ್ನು ವಿವರಿಸಲು ಇದನ್ನು ತಂದು, “ವೇಗ ಹೆಚ್ಚುವುದಿಲ್ಲ, ಹತ್ತಿರ ಬರುತ್ತದೆ, ಅಷ್ಟೇ” ಎಂದು ಮುಗಿಸಿದ್ದೀರಿ. ಈ ಸಾಲನ್ನು ಓದಿ ನಾನು ಹಾಡನ್ನು ಮತ್ತೆ ಹಾಕಿ ಕೇಳಿದೆ. ನೀವು ಹೇಳಿದ್ದು ನಿಜ. ಡೆತ್ ಮೆಟಲ್ ಎಂಬ ಹೆಸರನ್ನೇ ಕೇಳಿರದ ಸಕಲೇಶಪುರದ ಓದುಗರಿಗೂ ಅದು ಕೇಳಿಸುತ್ತದೆ.

ಆದರೆ ಅಲ್ಲಿಗೆ ತಲುಪುವ ಮೊದಲಿನ ನಾಲ್ಕು ಪುಟಗಳಲ್ಲಿ ‘ಅದ್ಭುತ’, ‘ಅಮೋಘ’, ‘ಅಪ್ರತಿಮ’ ಎಂಬ ಮಾತುಗಳ ಹೊರತು ನನಗೆ ಏನೂ ಕೇಳಿಸಲಿಲ್ಲ. ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಏಳನೆಯ ಪುಟ. ಸ್ಟೀವ್ ಡಿಜಾರ್ಜಿಯೊ ಅವರ ಬಾಸ್ ಗಿಟಾರ್ “ಆಲ್ಬಮ್ಮಿನುದ್ದಕ್ಕೂ ಗುಡುಗುತ್ತದೆ” ಎಂದಿದ್ದೀರಿ. 1991ರಲ್ಲಿ ಫ್ಲೋರಿಡಾದ ಟ್ಯಾಂಪಾ ನಗರದ ಮಾರಿಸೌಂಡ್ ಸ್ಟುಡಿಯೋದಲ್ಲಿ ನಿರ್ಮಾಪಕ ಸ್ಕಾಟ್ ಬರ್ನ್ಸ್ ಅವರ ಕೈಯಲ್ಲಿ ಸಿದ್ಧವಾದ ಮೂಲ ಧ್ವನಿಮಿಶ್ರಣದಲ್ಲಿ ಬಾಸ್‌ನ ಸದ್ದು ಉಳಿದ ಗಿಟಾರುಗಳ ಕೆಳಗೆ ಬಹುಮಟ್ಟಿಗೆ ಹುದುಗಿಹೋಗಿದೆ. ಜಿಮ್ ಮಾರಿಸ್ ಹೊಸದಾಗಿ ಮಿಶ್ರಣ ಮಾಡಿ 2011ರಲ್ಲಿ ಮರುಬಿಡುಗಡೆಯಾದ ಆವೃತ್ತಿಯಲ್ಲಿ ಅದು ಸ್ಪಷ್ಟವಾಗಿ ಮೇಲೆ ಬರುತ್ತದೆ. ನೀವು ಕೇಳಿದ್ದು ಎರಡನೆಯದಾದರೆ ಹಾಗೆಂದೇ ಬರೆಯಬೇಕು. ಮೊದಲನೆಯದಾದರೆ, ಆ ಗುಡುಗು ನಿಮ್ಮ ಕಿವಿಗೆ ಬಿದ್ದದ್ದಲ್ಲ, ಬೇರೆಯವರ ಬರಹದಿಂದ ಬಂದದ್ದು. ಒಂದೇ ಆಲ್ಬಮ್ ಎರಡು ರೂಪದಲ್ಲಿ ಸಿಗುತ್ತದೆ ಎಂಬ ಈ ವಿಷಯವೇ ಒಂದು ಒಳ್ಳೆಯ ಪುಟವಾಗಬಲ್ಲದು: ಎರಡನ್ನೂ ಒಂದರ ಹಿಂದೊಂದು ಕೇಳಿ, ಯಾವ ಹಾಡಿನಲ್ಲಿ ಏನು ಹೊಸದಾಗಿ ಕಂಡಿತು, ಏನು ಕಳೆದುಹೋಯಿತು ಎಂದು ಬರೆಯಿರಿ.

ಹಾಡುಗಳ ಸಾಹಿತ್ಯದ ಬಗ್ಗೆ ನೀವು ಬರೆದಿರುವುದಂತೂ ತಪ್ಪು. “ರಕ್ತ, ಹೆಣ, ಸ್ಮಶಾನಗಳ ಭಯಾನಕ ಲೋಕ” ಎಂಬ ವರ್ಣನೆ ಇದೇ ತಂಡದ 1987ರ ಮೊದಲ ಆಲ್ಬಮ್ಮಿಗೆ ಒಪ್ಪುತ್ತದೆಯೇ ಹೊರತು ಇದಕ್ಕಲ್ಲ. ‘ಸೂಯಿಸೈಡ್ ಮೆಷೀನ್’ ಗುಣವಾಗದ ಕಾಯಿಲೆಯ ನೋವಿನಲ್ಲಿರುವವರಿಗೆ ಸಾಯುವ ಹಕ್ಕನ್ನು ನಿರಾಕರಿಸುವವರನ್ನು ಪ್ರಶ್ನಿಸುತ್ತದೆ. ‘ಟುಗೆದರ್ ಆ್ಯಸ್ ಒನ್’ ದೇಹಗಳು ಅಂಟಿಕೊಂಡೇ ಹುಟ್ಟಿದ ಅವಳಿಗಳ ಬದುಕನ್ನು ನೋಡುತ್ತದೆ. ‘ಕಾಸ್ಮಿಕ್ ಸೀ’ಯಲ್ಲಂತೂ ಕಂಠವೇ ಇಲ್ಲ. ಆಲ್ಬಮ್ಮಿನ ಹೆಸರು ‘ಮನುಷ್ಯ’ ಎಂದಿರುವಾಗ ಹಾಡುಗಳು ಮನುಷ್ಯರ ಬಗ್ಗೆಯೇ ಇರುವುದು ನಿಮ್ಮ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ನನಗೆ ನಿಜಕ್ಕೂ ಬೇಸರವಾಯಿತು.

“ಇದು ಬರೀ ಗಲಾಟೆ” ಎಂದ ನೆಂಟರಿಗೂ ಮೇಷ್ಟ್ರಿಗೂ ಉತ್ತರ ಹೇಳುತ್ತಾ ಎರಡು ಪುಟ ಕಳೆದಿದ್ದೀರಿ. ಅವನ್ನು ತೆಗೆಯಿರಿ. ಅರ್ಥವಾಗದ್ದನ್ನು ಹಳಿಯುವವರಿಗೆ ತಂಡದ ನಾಯಕ, ಗಾಯಕ, ಗಿಟಾರ್ ವಾದಕ ಚಕ್ ಶುಲ್ಡಿನರ್ ‘ಲ್ಯಾಕ್ ಆಫ್ ಕಾಂಪ್ರಹೆನ್ಷನ್’ ಹಾಡಿನಲ್ಲಿ ನಾಲ್ಕು ನಿಮಿಷದೊಳಗೆ ಉತ್ತರ ಕೊಟ್ಟಿದ್ದಾರೆ, ಅದೂ ಮೆಲುದನಿಯ ಗಿಟಾರಿನಿಂದ ಆರಂಭಿಸಿ. ಕೂಗಿನ ಮುಂದೆ ಆ ಮೆದುತನವನ್ನು ಏಕೆ ಇಟ್ಟರು ಎಂದು ನೀವು ಒಂದು ಕ್ಷಣ ನಿಂತು ಯೋಚಿಸಿದ್ದರೆ, ಆ ಎರಡು ಪುಟಗಳ ಅಗತ್ಯ ನಿಮಗೇ ಕಾಣುತ್ತಿರಲಿಲ್ಲ.

ಕಂಠವನ್ನು “ರಾಕ್ಷಸ ಧ್ವನಿ” ಎಂಬ ಎರಡೇ ಪದದಲ್ಲಿ ಮುಗಿಸಿದ್ದೀರಿ. ರಾಗದ ಏರಿಳಿತವನ್ನು ಬಿಟ್ಟುಕೊಟ್ಟ ಆ ಕಂಠದಲ್ಲಿ ಅಕ್ಷರಗಳು ತಾಳವಾದ್ಯದ ಪೆಟ್ಟಿನಂತೆ ಬೀಳುತ್ತವೆ ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕು. ಯಕ್ಷಗಾನದ ಬಣ್ಣದ ವೇಷ ತೆರೆಯ ಹಿಂದಿನಿಂದ ಕೊಡುವ ಆರ್ಭಟವನ್ನು ಕೊಪ್ಪ, ಶೃಂಗೇರಿ ಕಡೆಯವರು ಬಲ್ಲರು. ಅಲ್ಲಿಂದ ಶುರುಮಾಡಿದರೆ ಅವರು ನಿಮ್ಮ ಜೊತೆ ಬರುತ್ತಾರೆ. ಹಾಗೆಯೇ ಎರಡೂ ಕಾಲಲ್ಲಿ ಡ್ರಮ್ ಬಾರಿಸುವುದಕ್ಕೆ ‘ದ್ವಿಪಾದ ತಾಡನ’ದಂತಹ ಹೊಸ ಪದಗಳನ್ನು ಕಟ್ಟಬೇಡಿ. ನೀವೂ ನಿಮ್ಮ ಗೆಳೆಯರೂ ಅದಕ್ಕೆ ‘ಡಬಲ್ ಬಾಸ್’ ಎಂದೂ, ಮರುಕಳಿಸುವ ಗಿಟಾರ್ ತುಣುಕಿಗೆ ‘ರಿಫ್’ ಎಂದೂ ಅನ್ನುತ್ತೀರಿ, ಹಾಗೇ ಬರೆಯಿರಿ.

“ಹೊಯ್ಸಳ ಶಿಲ್ಪದಷ್ಟು ಸೂಕ್ಷ್ಮ” ಎಂಬ ಹೋಲಿಕೆ ನಮ್ಮ ಎರಡು ಜಿಲ್ಲೆಗಳಿಂದ ಬರುವ ಬಹಳಷ್ಟು ಬರಹಗಳಲ್ಲಿ ಇರುತ್ತದೆ. ಅದನ್ನು ಉಳಿಸಿಕೊಳ್ಳಬೇಕೆಂದಿದ್ದರೆ ಒಮ್ಮೆ ಹಳೇಬೀಡಿಗೆ ಹೋಗಿ ಗುಡಿಯ ಬುಡವನ್ನು ನೋಡಿ ಬನ್ನಿ. ಅತಿ ಕೆಳಗೆ ಭಾರ ಹೊತ್ತ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು. ಪ್ರತಿ ಪಟ್ಟಿಕೆಯ ನಡಿಗೆ ಬೇರೆ, ಗೋಡೆ ಒಂದೇ. ರೈನರ್ಟ್ ಅವರ ಕಾಲುಗಳು ಒಂದು ಸಾಲನ್ನೂ ಕೈಗಳು ಇನ್ನೊಂದನ್ನೂ ನುಡಿಸುತ್ತಿರುವಾಗ ಮೇಲೆ ಎರಡು ಗಿಟಾರುಗಳು ತಮ್ಮ ದಾರಿ ಹಿಡಿಯುವುದನ್ನು ಹೀಗೆ ತೋರಿಸಬಹುದು.

ತಂಡದ ಕಥೆಯಲ್ಲೂ ಒಂದು ತಿದ್ದುಪಡಿ ಇದೆ. ಇದನ್ನು ನುಡಿಸಿದವರು “ವರ್ಷಗಟ್ಟಲೆ ಒಟ್ಟಿಗೆ ಬೆಳೆದ ಗೆಳೆಯರು” ಅಲ್ಲ. 1990ರಲ್ಲಿ ಚಕ್ ಯುರೋಪ್ ಪ್ರವಾಸದಿಂದ ಹಿಂದೆ ಸರಿದಾಗ ಉಳಿದವರು ಅವರಿಲ್ಲದೆಯೇ ಹೊರಟುಹೋದರು. ಆ ಒಡಕಿನ ನಂತರ ಚಕ್ ‘ಸಿನಿಕ್’ ತಂಡದಿಂದ ರೈನರ್ಟ್ ಮತ್ತು ಗಿಟಾರ್ ವಾದಕ ಪಾಲ್ ಮಾಸ್ವಿಡಾಲ್ ಎಂಬ ಇಪ್ಪತ್ತರ ಆಸುಪಾಸಿನ ಇಬ್ಬರನ್ನೂ, ‘ಸೇಡಸ್’ ತಂಡದಿಂದ ಡಿಜಾರ್ಜಿಯೊ ಅವರನ್ನೂ ಕರೆತಂದರು. ಈ ಆಲ್ಬಮ್ಮಿನ ಹೊಸತನಕ್ಕೆ ಇದು ದೊಡ್ಡ ಕಾರಣ. ಇನ್ನು, ಆಲ್ಬಮ್ಮಿನ ಅವಧಿ ಸುಮಾರು 34 ನಿಮಿಷ, 2001ರಲ್ಲಿ ಮಿದುಳಿನ ಗೆಡ್ಡೆಯಿಂದ ತೀರಿಕೊಂಡಾಗ ಚಕ್ ಅವರ ವಯಸ್ಸೂ 34 ಎಂಬ ಕೊನೆಯ ಪುಟದ ಸಾಮ್ಯವನ್ನು ದಯವಿಟ್ಟು ಬಿಡಿ. ಅವರ ಸಾವಿನ ದುಃಖಕ್ಕೆ ಆ ಲೆಕ್ಕದ ಆಸರೆ ಬೇಕಿಲ್ಲ.

ಪಲ್ಪರ್ ಮನೆಯ ಪ್ಯಾರಾದಿಂದ ಶುರುಮಾಡಿ, ನಾಲ್ಕು ಪುಟ ಮೀರದಂತೆ ಹೊಸದಾಗಿ ಬರೆದು ಕಳುಹಿಸಿ. ಒಂದು ವಿವರ ಮಾತ್ರ ತಪ್ಪದೆ ಸೇರಿಸಿ: ಈ ಹಾಡು ಕೇಳಿದ ಆ ಸಂಜೆ ಇಯರ್‌ಫೋನಿನ ಒಂದು ತುದಿಯನ್ನು ನಿಮ್ಮ ಕಿವಿಗಿಟ್ಟವರು ಯಾರು, ಡ್ರಮ್ಸ್ ಹತ್ತಿರ ಬರುತ್ತಿದ್ದಾಗ ನಿಮ್ಮ ಇನ್ನೊಂದು ಕಿವಿಯಲ್ಲಿ ಆ ಎಂಜಿನ್ನು ಇನ್ನೂ ಓಡುತ್ತಿತ್ತೇ?

ಇತಿ,
ಸಂಪಾದಕ
ಹಾಸನ