ಜಿಂಕ್ ಸವೆದಿಲ್ಲ, ತಳಕ್ಕೆ ತುಕ್ಕು ಯಾಕೆ?

ಪ್ರಶ್ನೆ: ನಮ್ಮದು ಉಕ್ಕಿನ ಟ್ರಾಲ್ ಬೋಟು. ಕಳೆದ ವರ್ಷ ತುಕ್ಕು ತಡೆಯಲು ತಳಕ್ಕೆ ಹಾಕಿಸಿದ ಜಿಂಕ್ (ಸತುವಿನ ಗಟ್ಟಿ) ಇನ್ನೂ ಹೊಸದರಂತಿದೆ. ಆದರೆ ಪ್ರೊಪೆಲ್ಲರ್ ಹತ್ತಿರ ತಗಡಿನಲ್ಲಿ ಗುಳಿ ಬಿದ್ದಿದೆ. ಅದೇ ಜಿಂಕ್ ಇನ್ನೊಂದು ವರ್ಷ ನಡೆದೀತೇ? – ಓದುಗರು, ಮಲ್ಪೆ

ಉತ್ತರ: ಖಂಡಿತ ಬೇಡ. ಉಕ್ಕಿನ ಬದಲು ತಾನು ಕರಗುವುದೇ ಜಿಂಕಿನ ಕೆಲಸ. ಅದು ಸವೆದಿಲ್ಲವೆಂದರೆ ಕೆಲಸ ಮಾಡಿಲ್ಲ.

ಮೊದಲು ಸಂಪರ್ಕ ನೋಡಿ. ಜಿಂಕನ್ನೂ ಪಕ್ಕದ ತಗಡನ್ನೂ ಹೊಳಪು ಬರುವಷ್ಟು ಕೆರೆದು, ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಒತ್ತಿ ಓಮ್ ಅಳೆಯಿರಿ. ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದಾಗ ಬರುವ ಅಂಕಿಯೇ ಇಲ್ಲೂ ಬರಬೇಕು. ಹೆಚ್ಚು ಬಂದರೆ ಬೋಲ್ಟಿನಡಿ ಬಣ್ಣವೋ ತುಕ್ಕೋ ಸೇರಿದೆ. ಜಿಂಕಿನೊಳಗಿನ ಉಕ್ಕಿನ ಪಟ್ಟಿಯನ್ನು ತಳಕ್ಕೆ ವೆಲ್ಡ್ ಮಾಡಿಸಿದರೆ ಈ ತೊಂದರೆಯೇ ಇಲ್ಲ; ಆ ಜಾಗದ ಒಳಬದಿಯಲ್ಲಿ ಡೀಸೆಲ್ ಟ್ಯಾಂಕ್ ಇಲ್ಲವೆಂದು ಮೊದಲು ಖಚಿತ ಮಾಡಿಕೊಳ್ಳಿ. ಜಿಂಕಿನ ಮೇಲೆ ಬಣ್ಣ ಬಿದ್ದಿದ್ದರೂ ಅದು ಸತ್ತಂತೆಯೇ.

ಸಂಪರ್ಕ ಸರಿಯಿದ್ದರೆ ಮಳೆಗಾಲದ ಮೇಲೆ ಅನುಮಾನಪಡಿ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ಮೀನುಗಾರಿಕೆ ನಿಷೇಧದಲ್ಲಿ ಬೋಟು ಹೊಳೆಬಾಯಿಯಲ್ಲಿ ನಿಂತಿದ್ದರೆ ಸುತ್ತ ಬಹುಪಾಲು ಸಿಹಿನೀರು. ಅದರಲ್ಲಿ ಜಿಂಕಿನ ಮೈಗೆ ಬಿಳಿ ಗಟ್ಟಿ ಪೊರೆ ಕಟ್ಟುತ್ತದೆ, ಕಡಲಿಗೆ ಹೋದ ಮೇಲೂ ಅದು ತಾನಾಗಿ ಬಿಡುವುದಿಲ್ಲ. ತಂತಿ ಬ್ರಷ್‌ನಿಂದ ಉಜ್ಜಬಹುದು. ಆದರೆ ಹೊಳೆಯಲ್ಲೂ ಕಡಲಲ್ಲೂ ನಿಲ್ಲುವ ಬೋಟಿಗೆ ಇಂಡಿಯಂ ಲೋಹ ಬೆರೆತ ಅಲ್ಯುಮಿನಿಯಂ ಆನೋಡ್ (ಜಿಂಕಿನಂತೆಯೇ ಉಕ್ಕಿನ ಬದಲು ಕರಗುವ ಗಟ್ಟಿ) ಮೇಲು. ಮೆಗ್ನೀಷಿಯಂ ಮಾತ್ರ ಬೇಡ. ಉಪ್ಪುನೀರಲ್ಲಿ ಬೇಗ ಕರಗಿ, ಬಣ್ಣವನ್ನೂ ಎಬ್ಬಿಸುತ್ತದೆ. ಗುಜರಿ ಸತುವಿನ ಎರಕ ಅಗ್ಗ, ನಿಜ. ಆದರೆ ಕಬ್ಬಿಣದಂಶ ಶೇ. 0.005 ದಾಟಿದ ಸತುವೂ ಹೀಗೆಯೇ ಪೊರೆ ಕಟ್ಟಿ ಕೂರುತ್ತದೆ.

ಗುಳಿ ಪ್ರೊಪೆಲ್ಲರ್ ಬಳಿಯೇ ಬಿದ್ದಿರುವುದಕ್ಕೆ ಕಾರಣ ಕಂಚು. ಉಪ್ಪುನೀರಲ್ಲಿ ಕಂಚಿನ ಜೊತೆಗಾರ ಉಕ್ಕು ಬೇಗ ತಿನ್ನಿಸಿಕೊಳ್ಳುತ್ತದೆ. ಹಾಗಾಗಿ ಚುಕ್ಕಾಣಿಯ ಎರಡೂ ಬದಿಗೆ, ಶಾಫ್ಟ್ ಹೊರಬರುವ ಜಾಗದ ಆಚೀಚೆಗೆ ಆನೋಡ್ ಇರಲೇಬೇಕು.

ಬೋಟು ಕಡಲಿಗಿಳಿದ ಮೇಲೆ ಬೆಳ್ಳಿ–ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡನ್ನು (ತಳದ ವೋಲ್ಟೇಜನ್ನು ಹೋಲಿಸಿ ಅಳೆಯುವ ಕಡ್ಡಿ) ನೀರಿಗೆ ಬಿಟ್ಟು ಮೀಟರಿನ ಕಪ್ಪು ತಂತಿಗೂ, ತಳವನ್ನು ಕೆಂಪು ತಂತಿಗೂ ಜೋಡಿಸಿ ಡಿಸಿ ವೋಲ್ಟ್ ಓದಿ. −800ರಿಂದ −1050 ಮಿಲಿವೋಲ್ಟ್ ಒಳಗಿದ್ದರೆ ರಕ್ಷಣೆ ಸಾಕು. −600ರ ಆಸುಪಾಸು ಬಂದರೆ ಉಕ್ಕಿಗೆ ರಕ್ಷಣೆಯೇ ಇಲ್ಲ.

ಪ್ರಶ್ನೆ: ನಮ್ಮಲ್ಲಿ ತದ್ವಿರುದ್ಧ. ಮೂರೇ ತಿಂಗಳಲ್ಲಿ ಜಿಂಕ್ ಮುಗಿಯುತ್ತದೆ. – ಓದುಗರು, ಮಂಗಳೂರು

ಉತ್ತರ: ತಳದ ಬಣ್ಣ ಎಷ್ಟು ಎದ್ದಿದೆ ನೋಡಿ, ಬೋಳಾದ ಉಕ್ಕು ಹೆಚ್ಚಿದಷ್ಟೂ ಜಿಂಕ್ ಬೇಗ ಕರಗುತ್ತದೆ. ಬಣ್ಣ ಚೆನ್ನಾಗಿದ್ದರೆ ಬಿಲ್ಜ್ ಪಂಪಿನ (ಬೋಟಿನೊಳಗೆ ಸೇರಿದ ನೀರನ್ನು ಹೊರಹಾಕುವ ಪಂಪ್) ವೈರ್ ಎಲ್ಲಾದರೂ ಒದ್ದೆಯಲ್ಲಿ ಬಿದ್ದು ಕರೆಂಟ್ ತಳಕ್ಕೆ ಸೋರುತ್ತಿದೆಯೇ ಹುಡುಕಿ. ದಕ್ಕೆಯಿಂದ ಕರೆಂಟ್ ತೆಗೆದುಕೊಳ್ಳುವವರು ಅರ್ಥ್ ತಂತಿಗೆ ಗ್ಯಾಲ್ವನಿಕ್ ಐಸೊಲೇಟರ್ (ಜಿಂಕನ್ನು ಕರಗಿಸುವ ಸಣ್ಣ ಡಿಸಿ ಕರೆಂಟ್ ಆ ತಂತಿಯಲ್ಲಿ ಹರಿಯದಂತೆ ತಡೆಯುವ ಸಾಧನ) ಹಾಕಿಸಿ, ಅರ್ಥ್ ತಂತಿಯನ್ನೇ ಕತ್ತರಿಸಬೇಡಿ. ಅರ್ಥ್ ಇಲ್ಲದ ಬೋಟಿನಲ್ಲಿ ಶಾಕ್ ಹೊಡೆದರೆ ಪ್ರಾಣಕ್ಕೇ ಕುತ್ತು.