ಸಂಪಾದಕರ ಉತ್ತರ: ಫ್ರಿಬೂರ್‌ನಲ್ಲಿ ಇಬ್ಬರಿಗೊಂದು ಫಾಂಡ್ಯೂ

ಪ್ರಿಯ ಓದುಗರೇ,

ಸ್ವಿಟ್ಜರ್ಲೆಂಡಿನ ಫ್ರಿಬೂರ್ ಪಟ್ಟಣದಿಂದ ನೀವು ಬರೆದ ಪತ್ರ ತಲುಪಿದೆ. ಮದುವೆಯಾಗಿ ಹದಿನಾಲ್ಕು ತಿಂಗಳಾದರೂ ವೀಸಾಕ್ಕಾಗಿ ಕಾಯುತ್ತ ಧಾರವಾಡದಲ್ಲೇ ಉಳಿಯಬೇಕಾಗಿದ್ದ ನಿಮ್ಮ ಪತ್ನಿ ಬರುವ ನವೆಂಬರಿನಲ್ಲಿ ನಿಮ್ಮನ್ನು ಸೇರಿಕೊಳ್ಳುತ್ತಿದ್ದಾರೆ. ಅವರು ಬಂದಿಳಿದ ರಾತ್ರಿಯೇ, ಅವರಿಗೆ ಮುಂಚಿತವಾಗಿ ಏನೂ ಹೇಳದೆ, ಮೂರನೆಯ ಮಹಡಿಯ ನಿಮ್ಮ ಪುಟ್ಟ ಮನೆಯಲ್ಲಿ ಮೇಣದಬತ್ತಿ ಹಚ್ಚಿಟ್ಟು ಕೈಯಾರೆ ಮಾಡಿದ ಫಾಂಡ್ಯೂ, ಅಂದರೆ ಕರಗಿಸಿದ ಚೀಸಿನಲ್ಲಿ ಬ್ರೆಡ್ ತುಂಡುಗಳನ್ನು ಅದ್ದಿ ತಿನ್ನುವ ಊಟ, ಬಡಿಸಬೇಕೆಂಬುದು ನಿಮ್ಮ ಆಸೆ. ಯಾವ ಚೀಸ್ ತರಬೇಕು, ವೈನ್ ಹಾಕದೆ ಮಾಡಲು ಬರುತ್ತದೆಯೇ, ಇಂಡಕ್ಷನ್ ಒಲೆ ಸಾಕೇ, ಕೊನೆಗೆ ಚಾಕೊಲೇಟ್ ಫಾಂಡ್ಯೂ ಕೂಡ ಇಡಬಹುದೇ ಎಂದು ಕೇಳಿದ್ದೀರಿ. ಅವರು ಸಸ್ಯಾಹಾರಿ ಎಂಬುದನ್ನು ಪತ್ರದ ಕೊನೆಯ ಸಾಲಿನಲ್ಲಿ ತಿಳಿಸಿದ್ದೀರಿ. ನನ್ನ ಉತ್ತರ ಬಹುಮಟ್ಟಿಗೆ ಆ ಸಾಲಿನಿಂದಲೇ ಹುಟ್ಟಿದ್ದು.

ಮೊದಲು ದಿನದ ಮಾತು. ನವೆಂಬರಿನಲ್ಲಿ ನಿಮ್ಮ ಊರಿನ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ. ನೀವು ರಾತ್ರಿ ಎಂಟಕ್ಕೆ ಊಟಕ್ಕೆ ಕೂತರೆ ಅವರ ಮೈಗೆ ಅದು ನಡುರಾತ್ರಿ ಹನ್ನೆರಡೂವರೆ. ಒಂದು ಇಡೀ ದಿನ ವಿಮಾನ, ನಿಲ್ದಾಣ, ರೈಲುಗಳಲ್ಲಿ ಕಳೆದು ಬಂದವರಿಗೆ ಆ ಹೊತ್ತಿನಲ್ಲಿ ಕರಗಿದ ಚೀಸ್ ಉಣ್ಣಿಸುವುದು ಪ್ರೀತಿಯಿಂದ ಮಾಡಿದ್ದೇ ಆದರೂ ಅವರ ಹೊಟ್ಟೆಗೆ ಭಾರವೇ. ಆ ರಾತ್ರಿ ಬಿಸಿ ಅನ್ನ, ತಿಳಿಸಾರು, ಒಂದು ಹಪ್ಪಳ ಸಾಕು. ಫಾಂಡ್ಯೂವನ್ನು ಮೂರನೆಯ ಅಥವಾ ನಾಲ್ಕನೆಯ ದಿನಕ್ಕೆ, ಮರುದಿನ ಬೆಳಿಗ್ಗೆ ಕೆಲಸಕ್ಕೆ ಓಡಬೇಕಿಲ್ಲದ ಒಂದು ಸಂಜೆಗೆ ಇಟ್ಟುಕೊಳ್ಳಿ. ಹೊರಗೆ ಚಳಿ ಹೆಚ್ಚಿದಷ್ಟೂ ಈ ಊಟ ಚೆನ್ನ.

ಎರಡನೆಯದಾಗಿ, ಮುಂಚಿತವಾಗಿ ಹೇಳದೆ ಮಾಡುವ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ. ಕಾರಣ, ಚೀಸ್ ಆಗಬೇಕಾದರೆ ಹಾಲನ್ನು ಹೆಪ್ಪುಗಟ್ಟಿಸಬೇಕು, ಅದಕ್ಕೆ ಹಾಕುವ ರೆನೆಟ್ ಎಂಬ ಕಿಣ್ವವನ್ನು ಯುರೋಪಿನ ಹಳೆಯ ಪದ್ಧತಿಯಲ್ಲಿ ಕರುವಿನ ಜಠರದಿಂದ ತೆಗೆಯುತ್ತಾರೆ. ಫಾಂಡ್ಯೂವಿನ ಜೀವಾಳವಾದ ಗ್ರುಯೆರ್ ಚೀಸ್ ತಯಾರಾಗುವುದೂ ಅದರಿಂದಲೇ. ನಮ್ಮಲ್ಲಿ ಪಿಜ್ಜಾದ ಮೇಲಿನ ಚೀಸನ್ನು ನಿಶ್ಚಿಂತೆಯಿಂದ ತಿನ್ನುವ ಅನೇಕ ಸಸ್ಯಾಹಾರಿಗಳಿಗೆ ಈ ಸಂಗತಿ ಗೊತ್ತಿರುವುದಿಲ್ಲ. ಗೊತ್ತಾದ ಮೇಲೆ ಕೆಲವರು ಅದನ್ನು ದೊಡ್ಡದು ಮಾಡುವುದಿಲ್ಲ, ಕೆಲವರಿಗೆ ತುತ್ತು ಗಂಟಲಿಗಿಳಿಯುವುದಿಲ್ಲ. ನಿಮ್ಮ ಪತ್ನಿ ಈ ಎರಡರಲ್ಲಿ ಯಾರೆಂಬುದನ್ನು ಊಟದ ನಡುವೆ ಅಥವಾ ಊಟವಾದ ಮೇಲೆ ತಿಳಿಯುವ ಸ್ಥಿತಿ ಬರಬಾರದು. ವೈನ್ ವಿಷಯವೂ ಹೀಗೆಯೇ. ಬೇಯುವಾಗ ಮದ್ಯದ ಅಂಶವೆಲ್ಲ ಆವಿಯಾಗಿ ಹೋಗುತ್ತದೆ ಎಂದು ನೀವು ಬರೆದಿದ್ದೀರಿ, ಅದು ಸರಿಯಲ್ಲ. ಫಾಂಡ್ಯೂ ಒಲೆಯ ಮೇಲಿರುವುದು ಅಲ್ಪ ಹೊತ್ತು, ಅದೂ ಸಣ್ಣ ಉರಿಯಲ್ಲಿ; ಸಾಂಪ್ರದಾಯಿಕ ಪಾಕದಲ್ಲಿ ಕಿರ್ಶ್ ಎಂಬ ಚೆರ್ರಿ ಹಣ್ಣಿನ ಮದ್ಯವನ್ನು ಇನ್ನೇನು ಇಳಿಸಬೇಕು ಎನ್ನುವಾಗ ಸೇರಿಸುತ್ತಾರೆ. ಇಂದೇ ಫೋನಿನಲ್ಲಿ ಈ ಎರಡು ಪ್ರಶ್ನೆಗಳನ್ನೂ ಅವರಿಗೆ ಕೇಳಿ. ಬೆಳ್ಳುಳ್ಳಿಯ ವಿಷಯವನ್ನೂ ಅದರ ಜೊತೆಗೇ ಕೇಳಿಬಿಡಿ.

ಅವರು ರೆನೆಟ್ ಬಗ್ಗೆ ಅಡ್ಡಿಯಿಲ್ಲ, ವೈನ್ ಮಾತ್ರ ಬೇಡ ಎಂದರೆ ನಿಮ್ಮ ಊರೇ ನಿಮಗೆ ನೆರವಾಗುತ್ತದೆ. ನೂಶಾಟೆಲ್ ಕಡೆಯವರು ಗ್ರುಯೆರ್ ಮತ್ತು ಎಮೆಂಟಾಲ್ ಬೆರೆಸುತ್ತಾರೆ. ವಾಲೇ ಕಣಿವೆಯಲ್ಲಿ ಟೊಮೆಟೊ ಹಾಕಿ, ಬೇಯಿಸಿದ ಆಲೂಗಡ್ಡೆಯ ಮೇಲೆ ಸುರಿದುಕೊಂಡು ಉಣ್ಣುವ ಬಗೆಯೂ ಉಂಟು. ಫ್ರಿಬೂರ್‌ನವರದು ಗ್ರುಯೆರ್ ಅರ್ಧ, ವಾಶ್ರಾಂ ಫ್ರಿಬೂರ್ಜ್ವಾ ಅರ್ಧ ಸೇರಿದ ‘ಮ್ವಾತ್ಯೇ-ಮ್ವಾತ್ಯೇ’, ಅಂದರೆ ‘ಅರ್ಧ-ಅರ್ಧ’. ಇದಲ್ಲದೆ, ವಾಶ್ರಾಂ ಒಂದನ್ನೇ ವೈನ್ ಇಲ್ಲದೆ ಬರೀ ನೀರಿನಲ್ಲಿ ಕರಗಿಸುವ ಇನ್ನೊಂದು ಪದ್ಧತಿಯೂ ಅಲ್ಲಿ ಹಿಂದಿನಿಂದ ಇದೆ. ಯಾವುದರ ಬದಲಿಗೋ ಮಾಡಿಕೊಂಡ ಹೊಂದಾಣಿಕೆ ಅದಲ್ಲ. ಅದೇ ಅಲ್ಲಿಯ ಅಸಲು ಊಟಗಳಲ್ಲೊಂದು. ವಾಶ್ರಾಂ ಮೃದುವಾದ ಚೀಸ್, ಬೇಗ ಕರಗುತ್ತದೆ, ಕುದಿಯಬಾರದು, ರುಚಿ ಸೌಮ್ಯ. ಚೀಸ್ ರೂಢಿಯಿಲ್ಲದ ನಾಲಿಗೆಗೆ ಗ್ರುಯೆರ್‌ನ ಉಪ್ಪು ಮತ್ತು ಘಾಟಿಗಿಂತ ಇದೇ ಹಿತವೆಂದು ನನ್ನ ನಂಬಿಕೆ. ವೈನ್‌ಗೆ ಅಡ್ಡಿಯಿಲ್ಲ ಎಂದಾದರೆ ಮ್ವಾತ್ಯೇ-ಮ್ವಾತ್ಯೇ ಮಾಡಿ.

ರೆನೆಟ್ ಬೇಡವೇ ಬೇಡ ಎಂದರೆ ಚೀಸ್ ಅಂಗಡಿಯ ಕೌಂಟರಿನಲ್ಲಿ ‘ಪ್ರೆಸ್ಯೂರ್ ಮೈಕ್ರೋಬಿಯೆನ್’, ಅಂದರೆ ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್, ಬಳಸಿದ ಚೀಸ್ ಯಾವುದಿದೆ ಎಂದು ಕೇಳಿ. ಪೊಟ್ಟಣದ ಚೀಸಾದರೆ ಹಳದಿ ವೃತ್ತದೊಳಗೆ ಎಲೆಯಾಕಾರದ ಹಸಿರು ‘ವಿ’ ಗುರುತನ್ನು ಹುಡುಕಿ. ಅಂಥ ಅರೆಗಟ್ಟಿ ಚೀಸುಗಳಿಂದಲೂ ಫಾಂಡ್ಯೂ ಆಗುತ್ತದೆ. ಸಿಗದಿದ್ದರೆ ಚಾಕೊಲೇಟ್ ಫಾಂಡ್ಯೂವನ್ನೇ ಆ ಸಂಜೆಯ ಮುಖ್ಯ ತಿನಿಸಾಗಿಸಬಹುದು. ಅದರ ವಿವರ ಮುಂದೆ ಹೇಳುತ್ತೇನೆ.

ಫಾಂಡ್ಯೂ ಎಂದರೆ ಫ್ರೆಂಚ್‌ನಲ್ಲಿ ‘ಕರಗಿದ್ದು’ ಎಂದಷ್ಟೇ ಅರ್ಥ. ಝೂರಿಕ್‌ನಲ್ಲಿ ಅನ್ನಾ ಮಾರ್ಗರೇಟಾ ಗೆಸ್ನರ್ ಎಂಬಾಕೆಯ 1699ರ ಅಡುಗೆ ಪುಸ್ತಕದಲ್ಲಿ ಚೀಸನ್ನು ವೈನ್‌ನಲ್ಲಿ ಬೇಯಿಸುವ ಕ್ರಮ ಸಿಗುತ್ತದೆ. ಆದರೆ ಅದು ಇಡೀ ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ಊಟವೆನಿಸಿದ್ದು ಇತ್ತೀಚೆಗೆ. 1914ರಲ್ಲಿ ಸ್ಥಾಪನೆಯಾದ ಸ್ವಿಸ್ ಚೀಸ್ ಒಕ್ಕೂಟ 1930ರ ದಶಕದಿಂದ ಚೀಸ್ ಮಾರಾಟ ಹೆಚ್ಚಿಸಲು ನಡೆಸಿದ ಪ್ರಚಾರ ಅದಕ್ಕೆ ಬಹುದೊಡ್ಡ ಕಾರಣ. ಇದನ್ನು ಹೇಳಿದ್ದೇಕೆಂದರೆ, ಆಲ್ಪ್ಸ್‌ನ ಪ್ರಾಚೀನ ವಿಧಿಯನ್ನು ತಪ್ಪಿಲ್ಲದೆ ಪಾಲಿಸಬೇಕೆಂಬ ಅಳುಕು ನಿಮ್ಮ ಪತ್ರದಲ್ಲಿ ಕಾಣುತ್ತಿದೆ. ಊರೂರಿಗೆ ಬದಲಾಗುತ್ತ ಬಂದ ಅಡುಗೆ ಇದು. ನಿಮ್ಮ ಮನೆಗೆ ತಕ್ಕಂತೆ ಬದಲಿಸಿಕೊಂಡರೆ ಅಪಚಾರವೇನೂ ಆಗುವುದಿಲ್ಲ.

ಈಗ ಅಡುಗೆ. ಒಬ್ಬರಿಗೆ 200 ಗ್ರಾಂ ಚೀಸ್, ಅಷ್ಟೇ ತೂಕದ ಬ್ರೆಡ್ ಎಂಬುದು ಅಲ್ಲಿಯ ರೂಢಿಯ ಲೆಕ್ಕ. ಇಬ್ಬರಿಗೆ 400 ಗ್ರಾಂ ಎಂದು ಹೇಳಿದರೆ ಅಂಗಡಿಯವರೇ ತುರಿದು ಬೆರೆಸಿ ಕೊಡುತ್ತಾರೆ. ಈ ಖರೀದಿಗೆ ಇಬ್ಬರೂ ಕೂಡಿ ಹೋಗಿ, ಅವರು ರುಚಿ ನೋಡಿ ಆರಿಸಲಿ. ಪಾತ್ರೆಯ ಒಳಮೈಗೆ ಬೆಳ್ಳುಳ್ಳಿಯ ಎಸಳೊಂದನ್ನು ಸೀಳಿ ಉಜ್ಜಿ. ಮ್ವಾತ್ಯೇ-ಮ್ವಾತ್ಯೇಗಾದರೆ ಸುಮಾರು ಒಂದೂವರೆಯಿಂದ ಎರಡು ಡೆಸಿಲೀಟರ್ (ಒಂದು ಡೆಸಿಲೀಟರ್ ಎಂದರೆ ನೂರು ಮಿಲಿಲೀಟರ್) ಹುಳಿ ರುಚಿಯ ಬಿಳಿ ವೈನ್, ಎರಡು ಟೀ ಚಮಚ ಕಾರ್ನ್‌ಫ್ಲೋರ್, ಒಂದು ಟೀ ಚಮಚ ನಿಂಬೆರಸ ಹಾಕಿ ಕದಡಿ ಬಿಸಿ ಮಾಡಿ, ಮೊದಲು ಗ್ರುಯೆರ್ ಕರಗಿದ ಮೇಲೆ ಉರಿ ತಗ್ಗಿಸಿ ವಾಶ್ರಾಂ ಸೇರಿಸಿ. ವಾಶ್ರಾಂ ಒಂದೇ ಆದರೆ ಒಂದು ಡೆಸಿಲೀಟರಿಗಿಂತ ತುಸು ಕಡಿಮೆ ಬಿಸಿನೀರು ಸಾಕು, ಉರಿ ಅತಿ ಸಣ್ಣದಿರಲಿ. ಕೊನೆಗೆ ಕಾಳುಮೆಣಸಿನ ಪುಡಿ, ಇಷ್ಟವಿದ್ದರೆ ಚಿಟಿಕೆ ಜಾಯಿಕಾಯಿ. ಉಪ್ಪು ಬೇಡ, ಚೀಸಿನಲ್ಲೇ ಬೇಕಾದಷ್ಟಿದೆ.

ತುರಿಯನ್ನು ಒಂದೊಂದು ಹಿಡಿಯಾಗಿ ಹಾಕುತ್ತ ಕೈಬಿಡದೆ ಮರದ ಸೌಟಿನಿಂದ ತಿರುವಬೇಕು. ಈ ಕೆಲಸವನ್ನು ಒಬ್ಬರೇ ಮಾಡುವುದಕ್ಕಿಂತ ಒಬ್ಬರು ತಿರುವುತ್ತ ಇನ್ನೊಬ್ಬರು ಹಾಕುತ್ತ ಹೋಗುವುದು ಎಷ್ಟೋ ಸಲೀಸು. ಹತ್ತು ಹದಿನೈದು ನಿಮಿಷ ಇಬ್ಬರೂ ಒಂದೇ ಒಲೆಯ ಮುಂದೆ ನಿಲ್ಲುತ್ತೀರಿ. ಹದಿನಾಲ್ಕು ತಿಂಗಳು ಫೋನಿನ ಪರದೆಯಲ್ಲೇ ಮಾತಾಡಿದ ಇಬ್ಬರಿಗೆ ಮೇಜಿನ ಅಲಂಕಾರಕ್ಕಿಂತ ಆ ಹದಿನೈದು ನಿಮಿಷ ಹೆಚ್ಚಿನದೆಂದು ನನಗೆ ತೋರುತ್ತದೆ. ಅಡುಗೆ ಮುಗಿಸಿಟ್ಟು ಅವರನ್ನು ಅತಿಥಿಯಂತೆ ಕೂರಿಸುವುದು ಬೇಡ ಎಂದು ನಾನು ಒತ್ತಾಯಿಸುವುದು ಇದಕ್ಕೇ.

ನಿಂಬೆರಸದ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಅಡುಗೆಮನೆಯಲ್ಲಿ ಹಾಲಿಗೆ ನಿಂಬೆ ಬಿದ್ದರೆ ಹಾಲು ಒಡೆಯುತ್ತದೆ. ಇಲ್ಲಿ ಅದೇ ನಿಂಬೆ ಚೀಸ್ ಒಡೆಯದಂತೆ ಕಾಯುತ್ತದೆ. ಚೀಸಿನ ಪ್ರೋಟೀನನ್ನು ಬಿಗಿಯಾಗಿ ಹಿಡಿದಿಟ್ಟಿರುವುದು ಕ್ಯಾಲ್ಸಿಯಂ. ನಿಂಬೆಯ, ವೈನಿನ ಆಮ್ಲಗಳು ಆ ಕ್ಯಾಲ್ಸಿಯಮ್ಮನ್ನು ತಮ್ಮತ್ತ ಸೆಳೆದುಕೊಂಡಾಗ ಪ್ರೋಟೀನ್ ಸಡಿಲಗೊಂಡು, ಜಿಡ್ಡನ್ನೂ ನೀರನ್ನೂ ಒಟ್ಟಿಗೆ ಹಿಡಿದು ನುಣುಪಾಗಿ ಹರಡಿಕೊಳ್ಳುತ್ತದೆ. ಕಾರ್ನ್‌ಫ್ಲೋರ್ ಅದು ಮತ್ತೆ ಗಂಟುಗಟ್ಟದಂತೆ ತಡೆಯುತ್ತದೆ. ಉರಿ ಜೋರಾದರೆ ಮಾತ್ರ ಪ್ರೋಟೀನ್ ಮುದುಡಿ, ಎಣ್ಣೆ ಮೇಲೆ ಬಂದು, ಕೆಳಗೆ ರಬ್ಬರಿನಂಥ ಮುದ್ದೆ ಉಳಿಯುತ್ತದೆ. ಹಾಗಾದರೂ ಗಾಬರಿಪಡದೆ ಒಂದು ಟೀ ಚಮಚ ಕಾರ್ನ್‌ಫ್ಲೋರನ್ನು ನಿಂಬೆರಸದಲ್ಲಿ ಕಲಸಿ ಹಾಕಿ, ಸಣ್ಣ ಉರಿಯಲ್ಲಿ ಬಿರುಸಾಗಿ ಕಡೆಯಿರಿ. ಬಹಳ ಸಲ ಕೂಡಿಕೊಳ್ಳುತ್ತದೆ.

ಪಾತ್ರೆಯ ವಿಷಯದಲ್ಲಿ ಎಚ್ಚರಿಕೆ ಬೇಕು. ಕಾಕ್ಲಾನ್ ಎಂದು ಅಲ್ಲಿ ಕರೆಯುವ ಮಣ್ಣಿನ ಅಥವಾ ಪಿಂಗಾಣಿಯ ಸಾಮಾನ್ಯ ಪಾತ್ರೆ ಇಂಡಕ್ಷನ್ ಒಲೆಯ ಮೇಲೆ ಕಾಯುವುದೇ ಇಲ್ಲ. ಎನಾಮೆಲ್ ಬಳಿದ ಎರಕದ ಕಬ್ಬಿಣದ್ದನ್ನು ಕೊಳ್ಳಿ, ಇಲ್ಲವೇ ಇಂಡಕ್ಷನ್‌ಗೆ ಒಗ್ಗುವ ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ಕರಗಿಸಿ, ಮುಂಚೆಯೇ ಬಿಸಿನೀರು ತುಂಬಿ ಬೆಚ್ಚಗೆ ಮಾಡಿಟ್ಟು ಒರೆಸಿದ ಕಾಕ್ಲಾನ್‌ಗೆ ಸುರಿಯಿರಿ. ಮೇಜಿನ ಮೇಲಿನ ಬರ್ನರಿಗೆ ಜೆಲ್ ಇಂಧನದ ಡಬ್ಬಿ ಸ್ಪಿರಿಟ್ಟಿಗಿಂತ ಕ್ಷೇಮ. ಇಂಧನ ಮುಗಿದರೆ ಬರ್ನರ್ ಪೂರ್ತಿ ಆರುವ ತನಕ ಮತ್ತೆ ತುಂಬಬೇಡಿ; ಕಣ್ಣಿಗೆ ಕಾಣದಷ್ಟು ಸಣ್ಣ ಜ್ವಾಲೆ ಉಳಿದಿದ್ದರೂ ಅನಾಹುತವಾಗುತ್ತದೆ. ಕಿಟಕಿಯನ್ನು ಸ್ವಲ್ಪ ತೆರೆದಿಡಿ. ಅವರ ಸೆರಗು ಅಥವಾ ದುಪಟ್ಟಾ ಉರಿಯ ಮೇಲೆ ಹಾಯದಂತೆ ಪಾತ್ರೆಯನ್ನು ಮೇಜಿನ ನಟ್ಟನಡುವೆ ಇಡಿ. ಮೇಣದಬತ್ತಿಗಳನ್ನು ಮೇಜಿನ ಮೇಲೆ ಬೇಡ, ಗೋಡೆಯ ಬದಿಯ ಕಪಾಟಿನ ಮೇಲಿಡಿ. ಅಲಂಕಾರದ ಬಗ್ಗೆ ನನ್ನ ಸಲಹೆ ಇಷ್ಟೇ.

ಬ್ರೆಡ್ ಹಿಂದಿನ ದಿನದ್ದಾಗಿರಲಿ. ಪ್ರತಿ ತುಂಡಿಗೂ ಒಂದು ಬದಿ ಗಟ್ಟಿ ಹೊರಪದರ ಉಳಿಯುವಂತೆ ಕತ್ತರಿಸಿ, ಮೆತ್ತನೆಯ ಭಾಗದಿಂದ ಚುಚ್ಚಿ ಫೋರ್ಕಿನ ಮೊನೆ ಹೊರಪದರಕ್ಕೆ ನಾಟಿದರೆ ತುಂಡು ಜಾರುವುದಿಲ್ಲ. ಜಾರಿ ಬಿದ್ದರೆ ಪಕ್ಕದವರಿಗೆ ಮುತ್ತು ಕೊಡಬೇಕೆಂಬುದು ಅಲ್ಲಿಯ ಹಳೆಯ ಆಟ. ಅದನ್ನು ಅವರಿಗೆ ಮೊದಲೇ ತಿಳಿಸಿಡಿ. ಅದ್ದುವಾಗ ಪ್ರತಿ ಸಲವೂ ತಳದವರೆಗೆ ಒಂದು ಸುತ್ತು ತಿರುವಿ, ಆಗ ತಳ ಹತ್ತುವುದಿಲ್ಲ. ಜೊತೆಗೆ ಸಿಪ್ಪೆಸಹಿತ ಬೇಯಿಸಿದ ಸಣ್ಣ ಆಲೂಗಡ್ಡೆ, ವಿನೆಗರಿನಲ್ಲಿ ನೆನೆದ ಪುಟ್ಟ ಸೌತೆ ಮತ್ತು ಈರುಳ್ಳಿ, ಪೇರ್ ಹಣ್ಣಿನ ಹೋಳುಗಳು ಸಾಕು. ಧಾರವಾಡದಿಂದ ಬರುವ ಮಾವಿನ ಉಪ್ಪಿನಕಾಯಿಯನ್ನು ಆ ದಿನ ಮಾತ್ರ ಮುಚ್ಚಿಡಿ. ಮೆಂತ್ಯ, ಇಂಗುಗಳ ಮುಂದೆ ಚೀಸಿನ ರುಚಿ ನಿಲ್ಲಲಾರದು.

ಕುಡಿಯಲು ಸಕ್ಕರೆ ಹಾಕದ ಬಿಸಿ ಕಪ್ಪು ಚಹಾ ಇಡಿ. ವೈನ್ ಕುಡಿದರೆ ಮಾತ್ರ ಚೀಸ್ ಅರಗುತ್ತದೆ ಎಂಬ ಮಾತನ್ನು ಅಲ್ಲಿಯ ಗೆಳೆಯರು ಹೇಳಿದ್ದಾರೆಂದು ಬರೆದಿದ್ದೀರಿ. ಝೂರಿಕ್‌ನ ವೈದ್ಯರು ಇದನ್ನೇ ಪರೀಕ್ಷಿಸಿ 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ್ದಾರೆ: ಫಾಂಡ್ಯೂ ಜೊತೆ ಚಹಾ ಕುಡಿದವರಿಗಿಂತ ವೈನ್ ಕುಡಿದವರ ಹೊಟ್ಟೆ ಖಾಲಿಯಾಗಲು ಹೆಚ್ಚು ಹೊತ್ತು ಹಿಡಿಯಿತು.

ಇನ್ನು ಚಾಕೊಲೇಟ್. ಅದು ಆಲ್ಪ್ಸ್‌ನದಲ್ಲ, 1960ರ ದಶಕದಲ್ಲಿ ನ್ಯೂಯಾರ್ಕಿನ ‘ಶ್ಯಾಲೇ ಸ್ವಿಸ್’ ಎಂಬ ರೆಸ್ಟೋರೆಂಟ್ ನಡೆಸುತ್ತಿದ್ದ ಕೊನ್ರಾಡ್ ಎಗ್ಲಿ ಅವರ ಅಡುಗೆಮನೆಯಿಂದ ಅದು ಹೆಸರಾಯಿತು. ಒಂದೇ ರಾತ್ರಿ ಎರಡನ್ನೂ ಇಡಬೇಡಿ. ಚೀಸ್ ಆದ ಮೇಲೆ ಅನಾನಸ್ ಅಥವಾ ಕಿತ್ತಳೆಯ ಹೋಳು ಹಿತವೆನಿಸುತ್ತದೆಯೇ ಹೊರತು ಕೆನೆ ಬೆರೆತ ಚಾಕೊಲೇಟ್ ಅಲ್ಲ. ಚೀಸ್ ಬೇಡವೆಂದಾದರೆ ಮಾತ್ರ, ಒಂದು ಡೆಸಿಲೀಟರ್ ಕೆನೆಯನ್ನು ಕುದಿ ಬರುವ ಮುನ್ನ ಇಳಿಸಿ, 150 ಗ್ರಾಂ ಕಪ್ಪು ಚಾಕೊಲೇಟಿನ ಚೂರುಗಳ ಮೇಲೆ ಸುರಿದು, ಎರಡು ನಿಮಿಷ ಬಿಟ್ಟು ಕಲಸಿ. ಇದಕ್ಕೆ ದೊಡ್ಡ ಬರ್ನರ್ ಬೇಡ, ಕೆಳಗೆ ಒಂದು ಪುಟ್ಟ ಮೇಣದ ದೀಪ ಸಾಕು. ಅದ್ದುವ ಬಾಳೆ, ಸ್ಟ್ರಾಬೆರಿ, ಪೇರ್ ಹೋಳುಗಳನ್ನು ತೊಳೆದ ನೀರು ಉಳಿಯದಂತೆ ಒರೆಸಿಡಿ; ಇಲ್ಲದಿದ್ದರೆ ಚಾಕೊಲೇಟ್ ಹಿಡಿಯದೆ ಜಾರುತ್ತದೆ. ಮುಂಚೆ ಒಂದು ಬಟ್ಟಲು ತರಕಾರಿ ಸೂಪ್ ಇದ್ದರೆ ಅದೇ ಪೂರ್ಣ ಊಟ.

ಚೀಸ್ ಫಾಂಡ್ಯೂ ಮುಗಿಯುತ್ತ ಬಂದಾಗ ತಳದಲ್ಲಿ ತೆಳುವಾದ ಹೊಂಬಣ್ಣದ ಪದರವೊಂದು ಹತ್ತಿಕೊಂಡಿರುತ್ತದೆ. ಫ್ರೆಂಚ್ ಮಾತಾಡುವವರು ಅದನ್ನು ‘ಲಾ ರೆಲಿಜ್ಯೂಸ್’ ಎನ್ನುತ್ತಾರೆ. ಬೆಣ್ಣೆ ಕಾಯಿಸಿದ ಮೇಲೆ ಉಳಿಯುವ ತಳದ ಗಸಿಗೆ ಬೆಲ್ಲ ಕಲಸಿ ಮಕ್ಕಳೆಲ್ಲ ಮುಗಿಬೀಳುತ್ತಿದ್ದುದು ನಿಮ್ಮಿಬ್ಬರ ಮನೆಗಳಲ್ಲೂ ಇದ್ದೀತು; ಆ ಸಾಲಿಗೆ ಸೇರುವ ತಿನಿಸು ಇದು. ಉರಿ ಆರಿಸಿ, ಚಾಕುವಿನ ಮೊಂಡು ತುದಿಯಿಂದ ಮೆಲ್ಲನೆ ಎಬ್ಬಿಸಿ, ಎರಡು ಪಾಲು ಮಾಡಿಕೊಳ್ಳಿ. ಬಿಸಿ ಪಾತ್ರೆಗೆ ತಣ್ಣೀರು ಹಾಕಿದರೆ ಬಿರುಕು ಬಿಡುತ್ತದೆ, ಆದ್ದರಿಂದ ಪೂರ್ತಿ ಆರಿದ ಮೇಲೆ ನೀರು ತುಂಬಿಟ್ಟು ಬಿಡಿ. ತೊಳೆಯುವ ಕೆಲಸ ಮರುದಿನ ಬೆಳಿಗ್ಗೆಗಿರಲಿ.

ನಿಮ್ಮಿಬ್ಬರಿಗೂ ನಮ್ಮ ಪತ್ರಿಕೆಯ ಬಳಗದ ಶುಭಹಾರೈಕೆಗಳು.

— ಸಂಪಾದಕ